ಕನಸು ಕೈಮೀರಿದರೆ

ದುಃಸ್ವಪ್ನವನ್ನು ಕಾಣದ ಮನುಷ್ಯನಿಲ್ಲ. ನಮ್ಮ ಮನೆಗಳಲ್ಲಿ ಮಕ್ಕಳು ಹಾಸಿಗೆಗೆ ಹೋಗುವ ಮುನ್ನ ರಾಮ, ಸ್ಕಂದ, ಹನುಮಂತ, ಗರುಡ, ಭೀಮ ಈ ಐವರನ್ನು ಸ್ಮರಿಸುವ ಶ್ಲೋಕವೊಂದನ್ನು ಹೇಳಿಕೊಳ್ಳುವುದು ಬಹುಕಾಲದ ರೂಢಿ. ಕೆಟ್ಟ ಕನಸು ಬಾರದಿರಲೆಂದು ದಿಂಬಿನ ಕೆಳಗೆ ಚಾಕುವನ್ನೋ ಅಡಕತ್ತರಿಯನ್ನೋ ಇಟ್ಟುಕೊಂಡು ಮಲಗುವವರೂ ಉಂಟು. ಅಂಥ ಕನಸು ಎಂದೋ ಒಮ್ಮೆ ಬಂದು ಹೋದರೆ ಬೆಳಗಾದ ಮೇಲೆ ಅದನ್ನು ಹೇಳಿಕೊಂಡು ನಕ್ಕುಬಿಡುತ್ತೇವೆ. ಈ ಹೊತ್ತು ನಾನು ಹೇಳಬೇಕೆಂದಿರುವುದು ಹಾಗೆ ನಕ್ಕು ಬಿಡಲಾಗದ ಎರಡು ಸಂಗತಿಗಳ ವಿಚಾರ. ಒಂದು, ದುಃಸ್ವಪ್ನವು ಮೇಲಿಂದ ಮೇಲೆ ಬಂದು ನಿದ್ರೆಯನ್ನೇ ಕೆಡಿಸುವುದು. ಇನ್ನೊಂದು, ಕನಸು ಮನಸ್ಸಿನೊಳಗೆ ನಿಲ್ಲದೆ ಕೈಕಾಲುಗಳಿಗೆ ಇಳಿಯುವುದು.

ಎರಡನೆಯದು ಅನೇಕರಿಗೆ ಹೊಸದಾಗಿ ತೋರಬಹುದು. ಆದುದರಿಂದ ಮೊದಲು ಒಂದು ಮನೆಯನ್ನು ಊಹಿಸಿಕೊಳ್ಳೋಣ. ಯಜಮಾನರಿಗೆ ಅರುವತ್ತೈದು ವರ್ಷ. ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದವರು. ಮೂವತ್ತು ವರ್ಷ ಪಾಠ ಹೇಳಿದರೂ ಒಬ್ಬ ಹುಡುಗನ ಮೇಲೆ ಕೈಯೆತ್ತಿದವರಲ್ಲ. ಅಂಥವರು ಈಗ ಎರಡು ವರ್ಷಗಳಿಂದ, ಬೆಳಗಿನ ಜಾವದಲ್ಲಿ, ನಿದ್ರೆಯಲ್ಲಿಯೇ ಕೂಗುತ್ತಾರೆ, ಬಯ್ಯುತ್ತಾರೆ, ಗಾಳಿಯನ್ನು ಗುದ್ದುತ್ತಾರೆ. ಒಂದು ರಾತ್ರಿ ಮಂಚದಿಂದ ಕೆಳಕ್ಕೆ ಹಾರಿ ಹಣೆ ಒಡೆದುಕೊಂಡರು. ಇನ್ನೊಂದು ರಾತ್ರಿ ಅವರ ಮುಷ್ಟಿ ಪಕ್ಕದಲ್ಲಿ ಮಲಗಿದ್ದ ಪತ್ನಿಯ ಕೆನ್ನೆಗೆ ತಗುಲಿತು. ಎಬ್ಬಿಸಿ ಕೇಳಿದರೆ, "ನಾಯಿಯೊಂದು ಮೊಮ್ಮಗನ ಮೇಲೆ ಎಗರುತ್ತಿತ್ತು, ಅದನ್ನು ಅಟ್ಟುತ್ತಿದ್ದೆ" ಎನ್ನುತ್ತಾರೆ. ಮಾರನೆಯ ದಿನ ನೆರೆಮನೆಯವರು ಆಕೆಯ ಕೆನ್ನೆ ಕಪ್ಪಾಗಿರುವುದನ್ನು ಕಂಡು, "ಇದೇನ್ರೀ ಇದು?" ಎಂದರೆ, "ಬಚ್ಚಲಮನೆಯ ಬಾಗಿಲು ತಗುಲಿತು" ಎಂದು ಹೇಳಿ ಆಕೆ ಒಳಕ್ಕೆ ಹೋಗುತ್ತಾರೆ.

ಆ ಒಂದು ಮಾತಿನಿಂದ ವ್ಯಾಧಿಯು ಇನ್ನೂ ಎರಡು ವರ್ಷ ಮನೆಯೊಳಗೇ ಉಳಿಯುತ್ತದೆ. ಮೈಮೇಲೆ ಏನೋ ಬರುತ್ತದೆಂದು ಒಬ್ಬರು, ಮನಸ್ಸಿನಲ್ಲಿ ಅಡಗಿದ್ದ ಕೋಪ ರಾತ್ರಿ ಹೊರಬೀಳುತ್ತಿದೆಯೆಂದು ಇನ್ನೊಬ್ಬರು, ಬುದ್ಧಿಭ್ರಮಣೆಯ ಆರಂಭವೆಂದು ಮತ್ತೊಬ್ಬರು ಊಹಿಸುತ್ತಾರೆ. ಈ ಮೂರು ಊಹೆಗಳೂ ತಪ್ಪು. ಮೇಷ್ಟರ ಸ್ವಭಾವ ನಿನ್ನೆ ಹೇಗಿತ್ತೋ ಇಂದೂ ಹಾಗೆಯೇ ಇದೆ. ಕೆಟ್ಟಿರುವುದು ಮಿದುಳಿನಲ್ಲಿರುವ ಒಂದು ಸಣ್ಣ ಏರ್ಪಾಡು. ಅದು ಯಾವುದೆಂದು ತಿಳಿಯಬೇಕಾದರೆ ನಿದ್ರೆಯ ರೀತಿಯನ್ನು ಸ್ವಲ್ಪ ತಿಳಿಯಬೇಕು.

ನಮ್ಮ ಪೂರ್ವಿಕರು ಜಾಗ್ರತ್, ಸ್ವಪ್ನ, ಸುಷುಪ್ತಿ ಎಂದು ಅವಸ್ಥೆಗಳನ್ನು ವಿಂಗಡಿಸಿದರು. ಮಾಂಡೂಕ್ಯೋಪನಿಷತ್ತಿನಲ್ಲಿ ಈ ವಿಂಗಡಣೆಯನ್ನು ಕಾಣಬಹುದು. ಅವರ ಉದ್ದೇಶ ಆತ್ಮವಿಚಾರ. ಕನಸಿನ ನಿದ್ರೆಯೂ ಗಾಢನಿದ್ರೆಯೂ ದೇಹದ ದೃಷ್ಟಿಯಿಂದಲೂ ಬೇರೆಬೇರೆಯೆಂಬುದು ಪ್ರಯೋಗಶಾಲೆಯಲ್ಲಿ ಗೊತ್ತಾದುದು ಬಹಳ ಈಚೆಗೆ. ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಯೂಜೀನ್ ಅಸೆರಿನ್‌ಸ್ಕಿ, ನಥಾನಿಯೆಲ್ ಕ್ಲೀಟ್‌ಮನ್ ಎಂಬ ಇಬ್ಬರು ವಿಜ್ಞಾನಿಗಳು ಮಲಗಿರುವವರ ಕಣ್ಣಿನ ಚಲನೆಯನ್ನು ಯಂತ್ರದಿಂದ ಗುರುತಿಸುತ್ತಿದ್ದರು. ರಾತ್ರಿಯಲ್ಲಿ ಕೆಲವು ಹೊತ್ತು ಮುಚ್ಚಿದ ರೆಪ್ಪೆಗಳ ಹಿಂದೆ ಕಣ್ಣುಗುಡ್ಡೆಗಳು ಅತಿವೇಗವಾಗಿ ಅತ್ತಿತ್ತ ಹೊರಳುವುದನ್ನು ಅವರು ಕಂಡರು. ಆಗ ಎಬ್ಬಿಸಿ ಕೇಳಿದರೆ ಬಹುಮಂದಿ ತಾವು ಕಾಣುತ್ತಿದ್ದ ಕನಸನ್ನು ವರ್ಣಿಸಿದರು. ಈ ಶೋಧನೆ ೧೯೫೩ರಲ್ಲಿ ಪ್ರಕಟವಾಯಿತು. ವೈದ್ಯರು ಇದನ್ನು ರೆಮ್ ನಿದ್ರೆಯೆನ್ನುತ್ತಾರೆ. ನಮ್ಮ ಅನುಕೂಲಕ್ಕಾಗಿ ಸ್ವಪ್ನನಿದ್ರೆಯೆಂದು ಕರೆಯೋಣ. ಒಂದು ರಾತ್ರಿಯ ನಿದ್ರೆ ಸುಮಾರು ೯೦ ನಿಮಿಷಗಳ ಸುತ್ತುಗಳಾಗಿ ನಡೆಯುತ್ತದೆ. ಪ್ರತಿ ಸುತ್ತಿನ ಕೊನೆಗೂ ಸ್ವಪ್ನನಿದ್ರೆ ಬರುವುದುಂಟು. ರಾತ್ರಿಯ ಮೊದಲ ಭಾಗದಲ್ಲಿ ಗಾಢನಿದ್ರೆ ಹೆಚ್ಚು, ಬೆಳಗಿನ ಕಡೆಗೆ ಸ್ವಪ್ನನಿದ್ರೆ ಹೆಚ್ಚು. ಮೇಷ್ಟರ ಕೂಗಾಟ ಬೆಳಗಿನ ಜಾವದಲ್ಲಿ ಏಕೆ ಎಂಬುದಕ್ಕೆ ಇದೇ ಕಾರಣ.

ಇನ್ನು ಎರಡನೆಯ ವಿಷಯ. ಸ್ವಪ್ನನಿದ್ರೆಯಲ್ಲಿ ಮಿದುಳು ಹೆಚ್ಚುಕಡಮೆ ಎಚ್ಚರದಲ್ಲಿರುವಷ್ಟೇ ಚುರುಕಾಗಿರುತ್ತದೆ. ಆದರೆ ಮೈಯ ಸ್ನಾಯುಗಳು ಪೂರ್ತಿ ಸಡಿಲವಾಗಿ ಬಿದ್ದಿರುತ್ತವೆ. ಉಸಿರಾಟಕ್ಕೆ ಬೇಕಾದ ವಪೆ, ಕಣ್ಣನ್ನು ಹೊರಳಿಸುವ ಸ್ನಾಯುಗಳು ಇವು ಮಾತ್ರ ಕೆಲಸ ಮಾಡುತ್ತಿರುತ್ತವೆ. ಈ ವಿಚಿತ್ರವನ್ನು ಫ್ರಾನ್ಸಿನ ಲಿಯಾನ್ ನಗರದ ಮಿಷೆಲ್ ಜೂವೆ ಎಂಬ ಶರೀರಶಾಸ್ತ್ರಜ್ಞರು ಬೆಕ್ಕುಗಳಲ್ಲಿ ಗಮನಿಸಿ, ೧೯೫೯ರಲ್ಲಿ ಅದಕ್ಕೆ ವಿರೋಧಾಭಾಸದ ನಿದ್ರೆಯೆಂದು ಹೆಸರಿಟ್ಟರು. ಕನಸಿನಲ್ಲಿ ನಾವು ಓಡುತ್ತೇವೆ, ಹೊಡೆಯುತ್ತೇವೆ, ಬೆಟ್ಟದಿಂದ ಧುಮುಕುತ್ತೇವೆ. ಆದರೂ ಬೆಳಿಗ್ಗೆ ಮಲಗಿದ ಜಾಗದಲ್ಲಿಯೇ ಇರುತ್ತೇವೆ. ಮಿದುಳಿನ ಬುಡದಲ್ಲಿ, ಅದು ಬೆನ್ನುಹುರಿಗೆ ಕೂಡುವ ಕಾಂಡಭಾಗದಲ್ಲಿ, ಕೆಲವು ನರಕೋಶಗಳು ಆ ಹೊತ್ತಿಗೆ ಕೈಕಾಲುಗಳಿಗೆ ಹೋಗುವ ಆಜ್ಞೆಗಳನ್ನು ತಡೆಯುತ್ತವೆ. ರಾತ್ರಿ ಬಾಗಿಲಿಗೆ ಅಗುಳಿ ಹಾಕುವಂತೆ ಪ್ರಕೃತಿಯು ಕನಸಿಗೆ ಅಗುಳಿ ಹಾಕಿದೆಯೆಂದು ಹೇಳಬಹುದು. ೧೯೬೫ರಲ್ಲಿ ಜೂವೆಯವರೂ ಅವರ ಸಹೋದ್ಯೋಗಿಯೂ ಬೆಕ್ಕಿನ ಮಿದುಳುಕಾಂಡದ ಆ ಚಿಕ್ಕ ಭಾಗವನ್ನು ಕೆಡಿಸಿ ನೋಡಿದಾಗ, ಬೆಕ್ಕು ನಿದ್ರೆಯಲ್ಲಿಯೇ ಎದ್ದು ನಿಂತು, ಇಲ್ಲದ ಬೇಟೆಯ ಮೇಲೆ ಎರಗಿತು.

ಮನುಷ್ಯರಲ್ಲಿಯೂ ಈ ಅಗುಳಿ ಕಳಚುವುದುಂಟೆಂದು ಸ್ಪಷ್ಟಪಡಿಸಿದವರು ಅಮೆರಿಕದ ಮಿನಿಯಾಪೊಲಿಸ್ ನಗರದ ಕಾರ್ಲೋಸ್ ಶೆಂಕ್, ಮಾರ್ಕ್ ಮಹೋವಾಲ್ಡ್ ಮತ್ತು ಅವರ ಸಂಗಡಿಗರು. ೧೯೮೬ರಲ್ಲಿ ಅವರು ಐವರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ ನಾಲ್ವರು ೬೭ರಿಂದ ೭೨ ವರ್ಷದೊಳಗಿನ ಗಂಡಸರು. ನಿದ್ರೆಯಲ್ಲಿ ತಮಗೋ ತಮ್ಮ ಪತ್ನಿಯರಿಗೋ ಗಾಯಮಾಡಿದವರು. ಐದನೆಯವರು ೬೦ ವರ್ಷದ ಹೆಂಗಸು. ಅವರ ನಿದ್ರೆಯೂ ಕನಸೂ ಕದಡಿದ್ದರೂ ಯಾರನ್ನೂ ನೋಯಿಸಿದವರಲ್ಲ. ಇದಕ್ಕೆ ಸ್ವಪ್ನನಿದ್ರೆಯ ವರ್ತನಾದೋಷವೆಂದು ಹೆಸರಾಯಿತು. ವೈದ್ಯರು ಸಂಕ್ಷೇಪವಾಗಿ ಆರ್‌ಬಿಡಿ ಎನ್ನುತ್ತಾರೆ. ಇದು ಅಪರೂಪದ ವ್ಯಾಧಿಯೇನೂ ಅಲ್ಲ. ಅರುವತ್ತು ದಾಟಿದವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಇರಬಹುದೆಂದು ಅಂದಾಜು. ವೈದ್ಯರ ಬಳಿಗೆ ಬರುವವರಲ್ಲಿ ಗಂಡಸರೇ ಹೆಚ್ಚು.

ನಿದ್ರೆಯಲ್ಲಿ ಕೂಗುವುದೆಲ್ಲ ಇದೇ ವ್ಯಾಧಿಯೆಂದು ಮಾತ್ರ ತಿಳಿಯಕೂಡದು. ಚಿಕ್ಕ ಮಗು ಮಲಗಿದ ಒಂದೆರಡು ಗಂಟೆಯೊಳಗೆ ಕಿಟ್ಟನೆ ಕಿರಿಚಿ ಎದ್ದು ಕುಳಿತು, ತಾಯಿಯನ್ನೂ ಗುರುತಿಸದೆ ಬೆವರುವುದುಂಟು. ಬೆಳಿಗ್ಗೆ ಕೇಳಿದರೆ ಅದಕ್ಕೆ ಒಂದೂ ನೆನಪಿರುವುದಿಲ್ಲ. ಇದು ಗಾಢನಿದ್ರೆಯಿಂದ ಅರ್ಧ ಎಚ್ಚರವಾದಾಗ ಬರುವ ರಾತ್ರಿಭಯ. ಬಹುಪಾಲು ಮಕ್ಕಳಲ್ಲಿ ಬೆಳೆದಂತೆ ತಾನಾಗಿ ಅಡಗುತ್ತದೆ. ಮೇಷ್ಟರಂಥವರಾದರೋ ಎಬ್ಬಿಸಿದೊಡನೆ ಚೆನ್ನಾಗಿ ಎಚ್ಚರಗೊಂಡು, ಕಂಡ ಕನಸನ್ನು ಹೇಳುತ್ತಾರೆ. ಆ ಕನಸೂ ಅವರು ಮಾಡಿದ ಚೇಷ್ಟೆಯೂ ಒಂದಕ್ಕೊಂದು ಹೊಂದುತ್ತವೆ. ಇದು ಮುಖ್ಯವಾದ ಗುರುತು. ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರುಕಟ್ಟುವವರೂ ಒದ್ದಾಡಿ ಎದ್ದು ಭಯಂಕರವಾದ ಕನಸನ್ನು ಹೇಳುವುದುಂಟು. ಅವರಿಗೆ ಬೇಕಾದುದು ಉಸಿರಾಟದ ಚಿಕಿತ್ಸೆ. ಅಪಸ್ಮಾರದ ಕೆಲವು ಬಗೆಗಳು ರಾತ್ರಿಯಲ್ಲಿಯೇ ತೋರಿಕೊಳ್ಳುತ್ತವೆ. ಕೆಲವು ಔಷಧಗಳೂ ಕಾರಣವಾಗಬಹುದು. ಮನೋವ್ಯಾಕುಲಕ್ಕೆ ಕೊಡುವ ಕೆಲವು ಮಾತ್ರೆಗಳು ಅಗುಳಿಯನ್ನು ಸಡಿಲಿಸುವುದುಂಟು. ರಕ್ತದ ಒತ್ತಡಕ್ಕೂ ಎದೆಬಡಿತಕ್ಕೂ ಕೊಡುವ ಪ್ರೊಪ್ರನೊಲಾಲ್‌ನಂಥ ಔಷಧಗಳು ದುಃಸ್ವಪ್ನ ತರುವುದುಂಟು. ಬಹುಕಾಲ ಮದ್ಯಪಾನ ಮಾಡಿದವರು ಒಮ್ಮೆಗೇ ಬಿಟ್ಟಾಗಲೂ ಹೀಗಾಗಬಹುದು. ಹೀಗಿರುವುದರಿಂದ ತಮ್ಮ ಮಾತ್ರೆಗಳನ್ನು ತಾವೇ ನಿಲ್ಲಿಸಕೂಡದು. ಅವುಗಳ ಚೀಟಿಯನ್ನು ವೈದ್ಯರ ಮುಂದಿಡಬೇಕು.

ಹಾಗಾದರೆ ಇಂಥ ಮನೆಯವರು ಏನು ಮಾಡತಕ್ಕದ್ದು? ವೈದ್ಯರನ್ನು ಕಾಣುವ ದಿನದವರೆಗೂ ಕಾಯದೆ ಇಂದಿನ ರಾತ್ರಿಯೇ ಮಾಡಬೇಕಾದ ಕೆಲಸವೊಂದುಂಟು. ಅದು ಮಲಗುವ ಕೋಣೆಯನ್ನು ಅಪಾಯವಿಲ್ಲದಂತೆ ಮಾಡುವುದು. ಆರಂಭದಲ್ಲಿ ಹೇಳಿದ ದಿಂಬಿನ ಕೆಳಗಿನ ಚಾಕು, ಅಡಕತ್ತರಿಗಳನ್ನು ಮೊದಲು ತೆಗೆದಿಡಿ. ಕನಸಿನಲ್ಲಿ ಕಳ್ಳನೊಡನೆ ಹೋರಾಡುವವನ ಕೈಗೆ ಆಯುಧ ಸಿಕ್ಕುವಂತಿರಬಾರದು. ಮಂಚವನ್ನು ಬಿಟ್ಟು, ನಮ್ಮ ಹಳೆಯ ಪದ್ಧತಿಯಂತೆ ನೆಲದ ಮೇಲೆ ಹಾಸಿಗೆ ಹಾಸುವುದು ಲೇಸು. ಗಾಜಿನ ಲೋಟ, ದೀಪ, ಮೂಲೆ ಚೂಪಾಗಿರುವ ಮೇಜು ಇವನ್ನು ದೂರವಿಡಬೇಕು. ಗಾಜಿನ ಕಿಟಕಿಯ ಪಕ್ಕದಲ್ಲಿ ಮಲಗಬಾರದು. ವ್ಯಾಧಿ ಹತೋಟಿಗೆ ಬರುವವರೆಗೂ ಜತೆಯವರು ಬೇರೆ ಹಾಸಿಗೆಯಲ್ಲಿ ಮಲಗುವುದು ಕ್ಷೇಮ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಹಗ್ಗದಿಂದ ತಮ್ಮನ್ನು ಮಂಚಕ್ಕೆ ಕಟ್ಟಿಕೊಂಡು ಮಲಗಿದವರೂ ಉಂಟು; ಅದರಿಂದ ಅಪಾಯ ಹೆಚ್ಚುವುದೇ ಹೊರತು ಕಡಮೆಯಾಗದು. ಒದ್ದಾಡುತ್ತಿರುವವರನ್ನು ಮೇಲೆ ಬಿದ್ದು ಹಿಡಿಯಬೇಡಿ. ಹಿಡಿದ ಕೈ ಅವರಿಗೆ ಕನಸಿನ ಶತ್ರುವಿನ ಕೈಯಾಗಿ ತೋರೀತು. ಸ್ವಲ್ಪ ದೂರದಲ್ಲಿ ನಿಂತು ಹೆಸರು ಹಿಡಿದು ಕರೆಯಿರಿ, ಇಲ್ಲವೆ "ರೀ, ಏಳಿ, ಕನಸು" ಎನ್ನಿರಿ.

ಅನಂತರ ವೈದ್ಯರ ಭೇಟಿ. ಮೊದಲು ಮನೆಯ ವೈದ್ಯರನ್ನು ಕಂಡು, ಅವರ ಮೂಲಕ ನರರೋಗತಜ್ಞರ ಅಥವಾ ನಿದ್ರಾರೋಗತಜ್ಞರ ಬಳಿಗೆ ಹೋಗುವುದು ಕ್ರಮ. ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಈ ವ್ಯಾಧಿಯ ಸಾಕ್ಷಿ ರೋಗಿಯಲ್ಲ, ಆತ ಮಲಗಿದ್ದವನು. ಕಂಡವರು, ಪೆಟ್ಟುತಿಂದವರು ಪತ್ನಿ. ಆಕೆಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಯಜಮಾನರೊಬ್ಬರೇ ಒಳಗೆ ಹೋದರೆ, "ಸ್ವಲ್ಪ ಕನಸು ಹೆಚ್ಚು, ಡಾಕ್ಟರೇ" ಎಂಬಷ್ಟರಲ್ಲಿ ಭೇಟಿ ಮುಗಿಯುತ್ತದೆ. ಆಕೆ ಒಳಗೆ ಬಂದು ಬಾಗಿಲಿನ ಕಥೆಯನ್ನು ಬಿಟ್ಟು ನಡೆದುದನ್ನು ನಡೆದಂತೆ ಹೇಳಬೇಕು. ಎಷ್ಟು ದಿನಕ್ಕೊಮ್ಮೆ, ರಾತ್ರಿ ಎಷ್ಟು ಗಂಟೆಗೆ, ಏನು ಕೂಗಿದರು, ಕಣ್ಣು ಮುಚ್ಚಿತ್ತೆ ತೆರೆದಿತ್ತೆ, ಎಬ್ಬಿಸಿದಾಗ ಯಾವ ಕನಸನ್ನು ಹೇಳಿದರು, ಗೊರಕೆಯುಂಟೆ, ಯಾರಿಗೆ ಯಾವ ಗಾಯವಾಯಿತು, ಎಂಬುದನ್ನು ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಹೋದರೆ ವೈದ್ಯರ ಕೆಲಸ ಅರ್ಧ ಮುಗಿದಂತೆ. ರೋಗಿಯ ಒಪ್ಪಿಗೆ ಪಡೆದು ಮೊಬೈಲ್ ಫೋನಿನಲ್ಲಿ ಒಂದೆರಡು ರಾತ್ರಿಯ ಚಿತ್ರ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ನಿಶ್ಚಯವಾಗಿ ತಿಳಿಯಲು ಒಂದು ರಾತ್ರಿ ಆಸ್ಪತ್ರೆಯ ನಿದ್ರಾಪರೀಕ್ಷಾಗೃಹದಲ್ಲಿ ಮಲಗಬೇಕಾಗುತ್ತದೆ. ತಲೆ, ಕಣ್ಣಿನ ಬದಿ, ಗಲ್ಲ, ಕೈಕಾಲುಗಳ ಮೇಲೆ ಸಣ್ಣ ತಂತಿಗಳನ್ನು ಅಂಟಿಸಿ, ಮಿದುಳಿನ ವಿದ್ಯುತ್ತರಂಗ, ಕಣ್ಣಿನ ಚಲನೆ, ಸ್ನಾಯುಗಳ ಬಿಗಿತ, ಉಸಿರಾಟ ಇವನ್ನೆಲ್ಲ ರಾತ್ರಿಯಿಡೀ ದಾಖಲುಮಾಡುತ್ತಾರೆ. ಸೂಜಿ ಚುಚ್ಚುವುದಿಲ್ಲ, ನೋವಿಲ್ಲ. ಸ್ವಪ್ನನಿದ್ರೆಯಲ್ಲಿ ಸಡಿಲವಾಗಿರಬೇಕಾದ ಸ್ನಾಯುಗಳು ಬಿಗಿದುಕೊಂಡಿದ್ದರೆ ವ್ಯಾಧಿ ಸಿದ್ಧವಾಯಿತು. ಮೈಸೂರು ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆಯೂ ೧೯೫೪ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ೧೯೭೪ರಲ್ಲಿ ಕೂಡಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರರೋಗಕ್ಕೂ ಮನೋರೋಗಕ್ಕೂ ಒಂದೇ ಆವರಣದಲ್ಲಿ ತಜ್ಞರಿದ್ದಾರೆ. ದೊಡ್ಡ ಪಟ್ಟಣಗಳ ಹಲವು ಆಸ್ಪತ್ರೆಗಳಲ್ಲಿಯೂ ನಿದ್ರಾಪರೀಕ್ಷೆ ನಡೆಯುತ್ತದೆ.

ಚಿಕಿತ್ಸೆಯ ಮಾತು. ಕತ್ತಲಾದಾಗ ನಮ್ಮ ದೇಹದಲ್ಲಿಯೇ ಸ್ರವಿಸುವ ಮೆಲಟೊನಿನ್ ಎಂಬ ವಸ್ತುವನ್ನು ಮಾತ್ರೆಯಾಗಿ ಮಲಗುವ ಮುನ್ನ ಕೊಡುವುದುಂಟು. ಹಲವರಿಗೆ ಇದರಿಂದ ಒದ್ದಾಟ ಕಡಮೆಯಾಗಿದೆ. ಕ್ಲೊನಜೆಪಾಮ್ ಎಂಬುದು ಮತ್ತೊಂದು ಔಷಧ. ಅದು ಬಹುಮಂದಿಗೆ ಗುಣ ಕೊಟ್ಟಿದ್ದರೂ, ವಯಸ್ಸಾದವರಲ್ಲಿ ಹಗಲು ತೂಕಡಿಕೆ, ನಡೆಯುವಾಗ ತತ್ತರಿಕೆ, ಮರೆವು ತರುವುದುಂಟು. ನಿದ್ರೆಯಲ್ಲಿ ಉಸಿರುಕಟ್ಟುವವರಿಗೆ ಅಪಾಯ. ಆದಕಾರಣ ಅಂಗಡಿಯಿಂದ ತಂದು ನುಂಗುವ ಔಷಧ ಇದಲ್ಲ.

ಕೈಕಾಲು ಆಡದೆ ದುಃಸ್ವಪ್ನವೊಂದೇ ಪೀಡಿಸುವವರಿಗೂ ಚಿಕಿತ್ಸೆಯುಂಟೆಂಬುದನ್ನು ಬಹುಮಂದಿ ಅರಿಯರು. ವಯಸ್ಕರಲ್ಲಿ ನೂರಕ್ಕೆ ೨ರಿಂದ ೬ ಮಂದಿಗೆ ವಾರಕ್ಕೊಮ್ಮೆಯಾದರೂ ದುಃಸ್ವಪ್ನ ಬರುವುದೆಂದು ಅಂದಾಜು. ಅಪಘಾತ, ಅತ್ಯಾಚಾರ, ಯುದ್ಧ, ಹತ್ತಿರದವರ ಸಾವು ಇವುಗಳನ್ನು ಕಂಡವರಿಗೆ ಒಂದೇ ಕನಸು ವರ್ಷಗಟ್ಟಲೆ ಮರುಕಳಿಸುವುದುಂಟು. ಇಂಥವರಿಗಾಗಿ ಒಂದು ಸರಳವಾದ ಅಭ್ಯಾಸವನ್ನು ವೈದ್ಯರು ರೂಢಿಗೆ ತಂದಿದ್ದಾರೆ. ಹಗಲು ಹೊತ್ತಿನಲ್ಲಿ, ನೆಮ್ಮದಿಯಾಗಿ ಕುಳಿತು, ಆ ಕನಸನ್ನು ಬರೆಯಬೇಕು. ಆಮೇಲೆ ಅದನ್ನು ತಮಗೆ ಬೇಕಾದಂತೆ ಬದಲಾಯಿಸಬೇಕು: ಅಟ್ಟಿಸಿಕೊಂಡು ಬಂದವನು ದಾರಿ ಕೇಳಿ ಹೋದನೆಂದೋ, ಮುಚ್ಚಿದ್ದ ಬಾಗಿಲು ತೆರೆಯಿತೆಂದೋ. ಈ ಹೊಸ ಕನಸನ್ನು ಪ್ರತಿದಿನವೂ ಹತ್ತಿಪ್ಪತ್ತು ನಿಮಿಷ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಕೇಳುವುದಕ್ಕೆ ಮಕ್ಕಳಾಟದಂತೆ ತೋರಬಹುದು. ಆದರೆ ಲೈಂಗಿಕ ದೌರ್ಜನ್ಯಕ್ಕೆ ಗುರಿಯಾಗಿದ್ದ ೧೬೮ ಮಂದಿ ಮಹಿಳೆಯರನ್ನು ಎರಡು ಗುಂಪುಮಾಡಿ ಅಮೆರಿಕದ ನ್ಯೂ ಮೆಕ್ಸಿಕೋ ಪ್ರಾಂತದಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಈ ಅಭ್ಯಾಸ ಕಲಿತವರ ದುಃಸ್ವಪ್ನಗಳು ಕಲಿಯದವರಿಗಿಂತ ಬಹಳ ಕಡಮೆಯಾದುವೆಂದು ೨೦೦೧ರಲ್ಲಿ ಪ್ರಕಟವಾಯಿತು. ಘೋರವಾದ ಅನುಭವವಿದ್ದವರು ಇದನ್ನು ಒಂಟಿಯಾಗಿ ಮಾಡದೆ, ಮನೋವೈದ್ಯರ ಸಂಗಡ ಆರಂಭಿಸುವುದು ಒಳ್ಳೆಯದು. ದುಃಸ್ವಪ್ನಗಳಿಂದ ಬೇಸತ್ತು ಬದುಕೇ ಬೇಡವೆನಿಸುತ್ತಿದ್ದರೆ ಒಂದು ದಿನವೂ ತಡಮಾಡಬಾರದು. ಭಾರತ ಸರ್ಕಾರವು ೨೦೨೨ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸಹಾಯದ ಸಂಖ್ಯೆ ೧೪೪೧೬, ಹಗಲಿರುಳೂ ಕರೆಮಾಡಬಹುದು.

ಇನ್ನು ಉಳಿದಿರುವುದು ಕಠಿಣವಾದ ಮಾತು. ಆದರೂ ಮುಚ್ಚಿಡುವುದು ಸರಿಯಲ್ಲ. ಕನಸನ್ನು ಮೈಯಲ್ಲಿ ಆಡುವ ವ್ಯಾಧಿಯು, ಔಷಧ ಮೊದಲಾದ ಕಾರಣವಿಲ್ಲದೆ ನಡುವಯಸ್ಸು ದಾಟಿದವರಲ್ಲಿ ತೋರಿದರೆ, ಅನೇಕವೇಳೆ ಪಾರ್ಕಿನ್ಸನ್ ರೋಗದ, ಎಂದರೆ ಕಂಪವಾತದ, ಅಥವಾ ಅದಕ್ಕೆ ಸಂಬಂಧಪಟ್ಟ ಒಂದು ಬಗೆಯ ಮರೆವಿನ ರೋಗದ ಮುನ್ಸೂಚನೆಯಾಗಿರುತ್ತದೆ. ಆ ರೋಗಗಳಲ್ಲಿ ಮಿದುಳಿಗೆ ಆಗುವ ಕೇಡು ಕೈನಡುಕ ಕಾಣುವುದಕ್ಕೆ ವರ್ಷಗಳ ಮೊದಲೇ ಕಾಂಡಭಾಗದ ಅಗುಳಿಯನ್ನು ಮುಟ್ಟುತ್ತದೆ. ನಿದ್ರಾಪರೀಕ್ಷೆಯಿಂದ ವ್ಯಾಧಿ ಸ್ಥಿರಪಟ್ಟ ೧೨೮೦ ಮಂದಿಯನ್ನು ೨೪ ಕೇಂದ್ರಗಳಲ್ಲಿ ಗಮನಿಸಿ ೨೦೧೯ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ವರ್ಷಕ್ಕೆ ನೂರಕ್ಕೆ ಸುಮಾರು ೬ ಮಂದಿಯಂತೆ ಈ ರೋಗಗಳು ತೋರಿಕೊಂಡುವು. ಹನ್ನೆರಡು ವರ್ಷಗಳ ಹೊತ್ತಿಗೆ ನೂರಕ್ಕೆ ಸುಮಾರು ೭೩ರಷ್ಟಾಯಿತು. ಈ ಲೆಕ್ಕ ಬರಿಯ ದುಃಸ್ವಪ್ನ ಕಾಣುವವರಿಗೆ ಅನ್ವಯಿಸುವುದಿಲ್ಲ. ಎಂದೋ ಒಮ್ಮೆ ನಿದ್ರೆಯಲ್ಲಿ ಕೂಗಿದವರಿಗೂ ಅನ್ವಯಿಸುವುದಿಲ್ಲ.

ಹಾಗಾದರೆ ತಿಳಿದು ಫಲವೇನು, ತಿಳಿಯದಿರುವುದೇ ಮೇಲಲ್ಲವೆ ಎಂದು ಕೆಲವರು ಕೇಳಬಹುದು. ಮುಂಬರುವ ರೋಗವನ್ನು ತಡೆಯುವುದೆಂದು ಸಿದ್ಧವಾದ ಔಷಧ ಇನ್ನೂ ಇಲ್ಲ. ಆದರೂ ತಿಳಿದವನಿಗೆ ಕೆಲವು ಅನುಕೂಲಗಳುಂಟು. ವಾಸನೆ ತಿಳಿಯದಿರುವುದು, ಬಹುದಿನದ ಮಲಬದ್ಧತೆ, ಎದ್ದು ನಿಂತಾಗ ತಲೆಸುತ್ತು ಇಂಥ ಚಿಹ್ನೆಗಳನ್ನು ವೈದ್ಯರು ವರ್ಷವರ್ಷವೂ ನೋಡುತ್ತ ಬರುತ್ತಾರೆ. ರೋಗ ಬಂದರೆ ಮೊದಲ ದಿನವೇ ಗುರುತಾಗುತ್ತದೆ. ಕ್ರಮವಾದ ನಡಿಗೆ, ವ್ಯಾಯಾಮಗಳಿಂದ ದೇಹಬಲ ಉಳಿಯುತ್ತದೆ. ಮನೆಯ ವ್ಯವಹಾರಗಳನ್ನು ಅವಸರವಿಲ್ಲದೆ ಸರಿಪಡಿಸಿಕೊಳ್ಳಬಹುದು. ಇರುಳು ಕಂಡ ಬಾವಿಗೆ ಹಗಲು ಬೀಳಬಾರದೆಂಬುದು ನಮ್ಮ ಗಾದೆಯ ಬುದ್ಧಿ. ಬಾವಿಯಿರುವ ಜಾಗ ತಿಳಿದಿದ್ದರೆ ಹೆಜ್ಜೆಯನ್ನು ನೋಡಿ ಇಡಬಹುದು. ಇಷ್ಟಾದರೂ, ಎಷ್ಟು ತಿಳಿಯಬೇಕು, ಯಾವಾಗ ತಿಳಿಯಬೇಕು ಎಂಬುದು ರೋಗಿಯ ಇಚ್ಛೆಗೆ ಬಿಟ್ಟದ್ದು. "ಈಗ ಬೇಡ, ಡಾಕ್ಟರೇ" ಎನ್ನುವ ಹಕ್ಕು ಆತನಿಗುಂಟು; ಆ ಮಾತನ್ನು ಮನೆಯವರೂ ವೈದ್ಯರೂ ಗೌರವಿಸತಕ್ಕದ್ದು.

ನಾವು ಊಹಿಸಿಕೊಂಡ ಮನೆಗೆ ಮತ್ತೆ ಹೋಗೋಣ. ಆ ತಾಯಿ ಒಂದು ದಿನ ಧೈರ್ಯಮಾಡಿ, ಗಂಡನ ಎದುರಿನಲ್ಲಿಯೇ, "ನನಗೆ ತಗುಲಿದ್ದು ಬಾಗಿಲಲ್ಲ, ಇವರ ಕೈ. ಆದರೆ ಇವರು ಹೊಡೆದದ್ದಲ್ಲ" ಎಂದು ವೈದ್ಯರಿಗೆ ಹೇಳಿದರೆನ್ನಿ. ಮೇಷ್ಟರು ತಲೆತಗ್ಗಿಸಿ ಕುಳಿತಿರಬಹುದು. ವೈದ್ಯರು ಆಗ ಹೇಳುವ ಮೊದಲನೆಯ ಮಾತು, "ಇದು ನಿಮ್ಮ ತಪ್ಪಲ್ಲ; ಇದಕ್ಕೆ ಹೆಸರುಂಟು, ಉಪಾಯವುಂಟು" ಎಂದು. ಅಂದಿನ ರಾತ್ರಿ ಹಾಸಿಗೆಗಳು ನೆಲದ ಮೇಲೆ, ಒಂದಿಷ್ಟು ಅಂತರದಲ್ಲಿ ಹಾಸಲ್ಪಡುತ್ತವೆ. ದಿಂಬಿನ ಕೆಳಗಿನ ಅಡಕತ್ತರಿ ಎಲೆಯಡಕೆ ತಟ್ಟೆಗೆ ಹಿಂದಿರುಗುತ್ತದೆ. ಶ್ಲೋಕವನ್ನು ಬಿಡಬೇಕಾದುದಿಲ್ಲ. ಅದನ್ನು ಹೇಳಿಕೊಂಡೇ ಇಬ್ಬರೂ ಮಲಗಲಿ.